ಜೈವಿಕ ಮದ್ದು ಬಿಟ್ಟರೆ ಗುಲಗಂಜಿ ಹುಳ ಉಳಿಯುತ್ತಾ? ಪ್ಯಾಕೆಟ್ ಕೊಳ್ಳುವ ಮುಂಚೆ ತಿಳಿಯಬೇಕಾದ ಸಂಗತಿ

ಉಡುಪಿ: ಬೇಸಿಗೆ ಶುರುವಾದರೆ ಕಾಪುವಿನ ಕಡಲ ತಡಿಯಿಂದ ಕಾರ್ಕಳದ ಗುಡ್ಡದ ಬುಡದವರೆಗೆ ತೆಂಗಿನ ತೋಟದಲ್ಲಿ ಒಂದೇ ದೂರು. ಗರಿಯ ಅಡಿಭಾಗದಲ್ಲಿ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಸುರುಳಿ ಸುರುಳಿ ಗೆರೆ, ಮೇಲ್ಭಾಗದಲ್ಲಿ ಮಸಿ ಬಳಿದ ಹಾಗೆ ಕಪ್ಪು. ಮರದ ಕೆಳಗಿನ ಬಾಳೆ, ಕರಿಬೇವು, ಅಂಗಳದಲ್ಲಿ ನಿಲ್ಲಿಸಿದ ಕಾರು ಎಲ್ಲವೂ ಅಂಟಂಟು. ರುಗೋಸ್ ಸುರುಳಿ ಬಿಳಿನೊಣದ ಕಾಟವಿದು.

ಮದ್ದು ಕೇಳಲು ಅಂಗಡಿಗೆ ಹೋದರೆ ಈಗ ರಾಸಾಯನಿಕದ ಬಾಟಲಿಯ ಪಕ್ಕದಲ್ಲೇ ಇನ್ನೊಂದು ಸಾಲು ಕಾಣುತ್ತದೆ. ಬವೇರಿಯಾ, ಮೆಟಾರೈಜಿಯಂ, ವರ್ಟಿಸಿಲಿಯಂ, ಐಸೇರಿಯಾ ಎಂಬ ಹೆಸರಿನ ಪುಡಿ ಮತ್ತು ದ್ರಾವಣಗಳು. ಇವೆಲ್ಲ ಕೀಟಕ್ಕೆ ರೋಗ ತರುವ ಶಿಲೀಂಧ್ರಗಳು, ಅಂದರೆ ಒಂದು ಬಗೆಯ ಬೂಷ್ಟು. "ಇದು ಜೈವಿಕ, ಒಳ್ಳೆಯ ಹುಳಕ್ಕೆ ಏನೂ ಆಗುವುದಿಲ್ಲ" ಅನ್ನುವ ಮಾತು ಕೊಡುವವರಿಂದಲೂ ಬರುತ್ತದೆ, ಕೊಳ್ಳುವವರಿಂದಲೂ ಬರುತ್ತದೆ.

ಆ ಮಾತು ಅರ್ಧ ಸತ್ಯ. ಯಾವ ಶಿಲೀಂಧ್ರ, ಎಲ್ಲಿ ಹಾಕುವುದು, ಯಾವಾಗ ಹಾಕುವುದು ಎಂಬ ಮೂರು ಪ್ರಶ್ನೆಗೆ ಸರಿ ಉತ್ತರ ಸಿಕ್ಕಿದರೆ ಬೂಷ್ಟು ಮತ್ತು ಗುಲಗಂಜಿ ಹುಳ ಒಂದೇ ತೋಟದಲ್ಲಿ ಒಟ್ಟಿಗೆ ದುಡಿಯುತ್ತವೆ. ಉತ್ತರ ತಪ್ಪಿದರೆ ಕೊಟ್ಟ ಹಣವೂ ಹೋಯಿತು, ಪುಕ್ಕಟೆ ಕೆಲಸ ಮಾಡುತ್ತಿದ್ದ ಹುಳವೂ ಹೋಯಿತು.

ಈಗ ಯಾಕೆ ಈ ಪ್ರಶ್ನೆ

ರಾಸಾಯನಿಕದ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕಾಸರಗೋಡು ಮತ್ತು ದಕ್ಷಿಣ ಕನ್ನಡದಲ್ಲಿ ಏನು ಮಾಡಿತು ಎಂಬುದನ್ನು ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ಹಾಕಿತು. 2018ರ ಆಗಸ್ಟ್‌ನ ಕೇಂದ್ರದ ಆದೇಶದಂತೆ ಫೊರೇಟ್, ಡೈಕ್ಲೋರ್ವಾಸ್ ಮೊದಲಾದವು 2020ರ ಕೊನೆಗೆ ನಿಂತವು. ಅಡಿಕೆ ಬುಡಕ್ಕೆ ಬೇರು ಹುಳಕ್ಕೆಂದು ಫೊರೇಟ್ ಹರಳು ಹಾಕಿ ಅಭ್ಯಾಸವಿದ್ದವರಿಗೆ ಇದು ನೇರವಾಗಿ ತಟ್ಟಿತು.

ಇನ್ನೊಂದು ಕಡೆಯಿಂದ ಸರ್ಕಾರವೂ ಜೈವಿಕದ ಕಡೆಗೆ ತಳ್ಳುತ್ತಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಜೈವಿಕ ಒಳಸುರಿ ಒದಗಿಸಲು ದೇಶದಲ್ಲಿ 10,000 ಕೇಂದ್ರಗಳನ್ನು ತೆರೆಯುವುದು ಅದರ ಒಂದು ಭಾಗ. ತೆಂಗಿನಕಾಯಿಗೆ ಒಳ್ಳೆಯ ದರ ಬಂದ ಮೇಲೆ ಮರದ ಮೇಲಿನ ಕಾಳಜಿಯೂ ಹೆಚ್ಚಿದೆ. ಹೀಗಾಗಿ ಮದ್ದಿನ ಪ್ಯಾಕೆಟ್ ಬದಲಾಗುತ್ತಿದೆ. ಅದನ್ನು ಬಳಸುವ ರೀತಿ ಮಾತ್ರ ರಾಸಾಯನಿಕದ ಕಾಲದ್ದೇ ಉಳಿದಿದೆ: ಹುಳ ಕಂಡ ಕೂಡಲೇ, ಸಿಕ್ಕಿದ ಮದ್ದು, ಇಡೀ ತೋಟಕ್ಕೆ.

ಬೂಷ್ಟು ಕೊಲ್ಲುವುದು ಹೇಗೆ

ರಾಸಾಯನಿಕದ ಹಾಗೆ ಇದು ನರಕ್ಕೆ ಹೊಡೆಯುವ ವಿಷವಲ್ಲ. ಬೂಷ್ಟಿನ ಬೀಜಕಣ ಕೀಟದ ಮೈಮೇಲೆ ಬಿದ್ದು ಅಂಟಿಕೊಳ್ಳಬೇಕು. ತೇವ ಸಿಕ್ಕಿದರೆ ಮೊಳೆಯುತ್ತದೆ, ಹೊರಕವಚವನ್ನು ಕರಗಿಸಿ ಒಳಗೆ ಇಳಿಯುತ್ತದೆ, ಒಳಗೇ ಬೆಳೆದು ಕೀಟವನ್ನು ಕೊಲ್ಲುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಸತ್ತ ಹುಳದ ಮೇಲೆ ಬವೇರಿಯಾ ಆದರೆ ಬಿಳಿ ಬೂಷ್ಟು, ಮೆಟಾರೈಜಿಯಂ ಆದರೆ ಹಸಿರು ಬೂಷ್ಟು ಏಳುತ್ತದೆ.

ಇಲ್ಲಿಂದ ಎರಡು ಸಂಗತಿ ಹೊರಡುತ್ತವೆ. ಒಂದು, ಮದ್ದು ಬಿಟ್ಟ ಮರುದಿನ ಹುಳ ಓಡಾಡುತ್ತಿದ್ದರೆ "ಮದ್ದು ಹಿಡಿಯಲಿಲ್ಲ" ಅಂತ ಮತ್ತೊಂದು ರಾಸಾಯನಿಕ ಬಿಡುವುದು ದೊಡ್ಡ ತಪ್ಪು. ಎರಡು, ಬೀಜಕಣ ಬೀಳುವಾಗ ಶತ್ರು ಹುಳ, ಮಿತ್ರ ಹುಳ ಅಂತ ನೋಡಿ ಬೀಳುವುದಿಲ್ಲ. ಗುಲಗಂಜಿ ಹುಳದ ಮೈಮೇಲೂ ಬೀಳುತ್ತದೆ. ಬಿದ್ದ ಮೇಲೆ ರೋಗ ಹಿಡಿಯುತ್ತದೋ ಇಲ್ಲವೋ ಎಂಬುದು ಶಿಲೀಂಧ್ರದ ತಳಿ, ಹುಳದ ಜಾತಿ, ಅದರ ವಯಸ್ಸು, ಗಾಳಿಯ ತೇವ ಇವುಗಳ ಮೇಲೆ ನಿಂತಿದೆ.

ಪ್ರಯೋಗಗಳು ಹೇಳುವುದೇನು

ಬಿಳಿನೊಣವನ್ನೇ ತಿಂದು ಬದುಕುವ ಸೆರಾಂಜಿಯಂ ಎಂಬ ಪುಟ್ಟ ಗುಲಗಂಜಿ ಹುಳದ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ವರದಿ 1998ರಲ್ಲಿ ಬಂತು. ಬವೇರಿಯಾ ಮತ್ತು ಆಗ ಪೇಸಿಲೋಮೈಸಿಸ್ ಎಂದು ಕರೆಯುತ್ತಿದ್ದ ಐಸೇರಿಯಾ, ಎರಡನ್ನೂ ಹೋಲಿಸಿ ನೋಡಿದಾಗ ಬವೇರಿಯಾ ಈ ಹುಳಕ್ಕೆ ಹೆಚ್ಚು ಹಾನಿ ಮಾಡಿತು, ಐಸೇರಿಯಾ ಕಡಿಮೆ ಹಾನಿ ಮಾಡಿತು. ಎರಡೂ "ಜೈವಿಕ"ವೇ. ಆದರೆ ಮಿತ್ರ ಹುಳದ ಪಾಲಿಗೆ ಎರಡೂ ಒಂದೇ ಅಲ್ಲ.

ತಂಪು ದೇಶಗಳಲ್ಲಿ ಚಳಿಗಾಲಕ್ಕೆ ಗುಂಪುಗಟ್ಟಿ ಕೂರುವ ಗುಲಗಂಜಿ ಹುಳಗಳಿಗೆ ಬವೇರಿಯಾ ರೋಗ ತಾನಾಗಿಯೇ ತಗಲುವುದೂ ಉಂಟು. ಹಾಗೆಂದು ಎಲ್ಲ ಜಾತಿಯೂ ಒಂದೇ ಸಮ ಸಾಯುವುದಿಲ್ಲ. ಹಾರ್ಲೆಕ್ವಿನ್ ಎಂಬ ಏಷ್ಯಾ ಮೂಲದ ಗುಲಗಂಜಿ ಹುಳ ಇದೇ ಬೂಷ್ಟನ್ನು ಯುರೋಪಿನ ಸ್ಥಳೀಯ ಜಾತಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ವಯಸ್ಸಿನಲ್ಲೂ ವ್ಯತ್ಯಾಸವಿದೆ. ರೆಕ್ಕೆ ಗಟ್ಟಿಯಾದ ದೊಡ್ಡ ಹುಳಕ್ಕಿಂತ ಮೆತ್ತನೆಯ ಮರಿಹುಳಕ್ಕೆ ಅಪಾಯ ಹೆಚ್ಚು. ಹೇನು, ಹಿಟ್ಟು ತಿಗಣೆಯನ್ನು ಹೆಚ್ಚು ತಿನ್ನುವುದೂ ಆ ಮರಿಗಳೇ.

ಸಮಾಧಾನದ ಸುದ್ದಿಯೂ ಇದೆ. ಬೂಷ್ಟು ಬಂದ ಹುಳವನ್ನು ಗುಲಗಂಜಿ ಹುಳ ಗುರುತಿಸಿ ದೂರವಿಡುವುದು ಇಂಗ್ಲೆಂಡಿನ ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ ಏಳು ಚುಕ್ಕಿಯ ಗುಲಗಂಜಿ ಹುಳ ಸಸ್ಯಹೇನಿಗೆ ಮಾತ್ರ ರೋಗ ತರುವ ಪಂಡೋರಾ ಎಂಬ ಶಿಲೀಂಧ್ರದ ಬೀಜಕಣವನ್ನು ಕಾಲಿಗೆ ಮೈಗೆ ಅಂಟಿಸಿಕೊಂಡು ಗಿಡದಿಂದ ಗಿಡಕ್ಕೆ ಹೊತ್ತೊಯ್ದಿತ್ತು. ಹುಳಕ್ಕೆ ರೋಗ ತಟ್ಟಲಿಲ್ಲ, ಹೇನಿಗೆ ತಟ್ಟಿತು. ಸರಿಯಾದ ಜೋಡಿ ಸಿಕ್ಕಿದರೆ ಗುಲಗಂಜಿ ಹುಳವೇ ಮದ್ದು ಹಂಚುವ ಆಳು ಆಗುತ್ತದೆ.

ತೆಂಗು: ಇಲ್ಲಿ ಮದ್ದಿಗಿಂತ ತಾಳ್ಮೆ ದೊಡ್ಡದು

ಮಧ್ಯ ಅಮೆರಿಕ ಕಡೆಯ ಈ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದ ಪಾಲಕ್ಕಾಡ್ ಭಾಗದಲ್ಲಿ. ಅಲ್ಲಿಂದ ಕರ್ನಾಟಕಕ್ಕೂ ಕರಾವಳಿಗೂ ಹಬ್ಬಿತು. ಇದು ಮರವನ್ನು ಕೊಲ್ಲುವ ಕೀಟವಲ್ಲ. ರಸ ಹೀರಿ ಸಿಹಿ ಅಂಟು ಸುರಿಸುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿಗೆ ಬೆಳಕು ಸಿಗದಂತೆ ಮಾಡುತ್ತದೆ.

ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಮತ್ತು ಕಾಸರಗೋಡಿನ ಸಿಪಿಸಿಆರ್‌ಐ ಮೊದಲಿನಿಂದಲೂ ಹೇಳುತ್ತಿರುವುದು ಒಂದೇ ಮಾತು: ರಾಸಾಯನಿಕ ಬಿಡಬೇಡಿ. ಕಾರಣ ಸರಳ. ಎನ್ಕಾರ್ಸಿಯಾ ಗ್ವಾಡಲೂಪೆ ಎಂಬ ಸೂಜಿಮೊನೆಯಷ್ಟು ಸಣ್ಣ ಕಣಜ ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತದೆ. ಜತೆಗೆ ಹಸಿರು ಜಾಲರೆಕ್ಕೆಯ ಕೀಟ, ಹಲವು ಜಾತಿಯ ಗುಲಗಂಜಿ ಹುಳ ಕೂಡ ತಿನ್ನುತ್ತವೆ. ರಾಸಾಯನಿಕ ಬಿಟ್ಟರೆ ಇಷ್ಟೂ ಜನ ಮೊದಲು ಸಾಯುತ್ತಾರೆ, ಮೇಣದ ಮರೆಯಲ್ಲಿ ಕೂತ ಬಿಳಿನೊಣ ಉಳಿಯುತ್ತದೆ.

ಕಾಟ ತೀರಾ ಜಾಸ್ತಿಯಾದ ಕಡೆ ಬಳಸಲು ಬೆಂಗಳೂರಿನ ಸಂಸ್ಥೆ ಗುರುತಿಸಿದ ಶಿಲೀಂಧ್ರ ಐಸೇರಿಯಾ ಫ್ಯೂಮೋಸೊರೋಸಿಯಾ. ಬವೇರಿಯಾಕ್ಕಿಂತ ಇದು ಬಿಳಿನೊಣ ತಿನ್ನುವ ಗುಲಗಂಜಿ ಹುಳಕ್ಕೆ ಕಡಿಮೆ ಅಪಾಯ ಎಂಬ ಮೇಲಿನ ಪ್ರಯೋಗದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಳಿನೊಣಕ್ಕೆ ಅಂತ ಕೇಳಿದಾಗ ಕಪಾಟಿನಲ್ಲಿ ಬವೇರಿಯಾ ಮಾತ್ರ ಇದೆ ಎಂದು ಅದನ್ನೇ ಕೊಡುವುದು ಸರಿಯಾದ ವ್ಯಾಪಾರ ಅಲ್ಲ.

ಕಪ್ಪು ಬೂಷ್ಟಿಗೆ ಮದ್ದೇ ಬೇಡ. ಶೇ. 1ರ ಗಂಜಿ ದ್ರಾವಣ ಸಿಂಪಡಿಸಿದರೆ ಒಣಗಿದಾಗ ಬೂಷ್ಟು ಹೊಟ್ಟಿನ ಹಾಗೆ ಎದ್ದು ಉದುರುತ್ತದೆ. ಈ ಬೂಷ್ಟನ್ನೇ ಮೇಯುವ ಲಿಯೋಕ್ರಿನಸ್ ಎಂಬ ಗುಂಡಗಿನ ದುಂಬಿಯೂ ತೆಂಗಿನ ಗರಿಯಲ್ಲಿ ಇರುತ್ತದೆ. ನೋಡಲು ಗುಲಗಂಜಿ ಹುಳದ ಅಣ್ಣತಮ್ಮನ ಹಾಗೆ, ಕುಲ ಬೇರೆ. ಕಂಡರೆ ಬಿಟ್ಟುಬಿಡಿ.

ಮಟ್ಟು: ಚುಕ್ಕಿ ಇದ್ದದ್ದೆಲ್ಲ ಮಿತ್ರ ಅಲ್ಲ

ಕಾಪು ತಾಲೂಕಿನ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಈ ಬದನೆಗೆ ಕಾಯಿಕೊರಕ, ಹೇನು, ಬಿಳಿನೊಣ, ಹಿಟ್ಟು ತಿಗಣೆ ಹೀಗೆ ಸಾಲು ಸಾಲು ಕೀಟ. 2010ರ ಫೆಬ್ರವರಿಯಲ್ಲಿ ಕೇಂದ್ರ ಬಿಟಿ ಬದನೆಗೆ ತಡೆ ಕೊಟ್ಟ ಮೇಲೆ ಆ ದಾರಿಯೂ ಇಲ್ಲ. ಆದ್ದರಿಂದ ಸಿಂಪಡಣೆ ಮತ್ತು ಬಲೆಗಳೇ ಗತಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬದನೆ ಎಲೆಯ ಮೇಲೆ ಕಾಣುವ ಚುಕ್ಕಿ ಹುಳ ಎರಡು ಬಗೆ. ಒಂದು ಹೇನು ತಿನ್ನುವ ಗುಲಗಂಜಿ ಹುಳ. ಇನ್ನೊಂದು ಎಪಿಲಾಕ್ನಾ. ಇದೂ ಗುಲಗಂಜಿ ಹುಳದ ಕುಟುಂಬದ್ದೇ, ಆದರೆ ತಿನ್ನುವುದು ಎಲೆಯನ್ನು. ಗುರುತು ಹೀಗೆ: ಮಿತ್ರ ಹುಳದ ಬೆನ್ನು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಚುಕ್ಕಿ ಕಡಿಮೆ. ಎಪಿಲಾಕ್ನಾದ ಬೆನ್ನು ಮಂಕು, ನವಿರು ರೋಮ, ಮುಖ್ಯ ಜಾತಿಯೊಂದಕ್ಕೆ 28 ಚುಕ್ಕಿ. ಅದರ ಮರಿ ಹಳದಿ, ಮೈತುಂಬ ಮುಳ್ಳು. ಹುಳ ನೋಡಿ ತಿಳಿಯದಿದ್ದರೆ ಎಲೆ ನೋಡಿದರೆ ಸಾಕು. ನರ ಮಾತ್ರ ಉಳಿದು ಎಲೆ ಜರಡಿಯಾಗಿದ್ದರೆ ಎಪಿಲಾಕ್ನಾ.

ಎಪಿಲಾಕ್ನಾಕ್ಕೆ ಬವೇರಿಯಾ ಬಿಡುವವರು ಇನ್ನೊಂದು ಮಾತು ನೆನಪಿಡಬೇಕು. ಅದನ್ನು ಕೊಲ್ಲುವ ಬೂಷ್ಟು ಅದೇ ಕುಟುಂಬದ ಮಿತ್ರ ಹುಳವನ್ನು ಬಿಟ್ಟುಬಿಡುತ್ತದೆ ಎಂದು ನಂಬಲು ಕಾರಣವಿಲ್ಲ. ಗದ್ದೆ ಸಣ್ಣದಾದರೆ ಎಲೆ ಅಡಿಯ ಹಳದಿ ಮೊಟ್ಟೆ ಗುಂಪನ್ನು, ಮುಳ್ಳು ಮರಿಯನ್ನು ಕೈಯಲ್ಲಿ ಆರಿಸಿ ತೆಗೆಯುವುದೇ ಸುಲಭ. ಮೊಟ್ಟೆ ಆರಿಸುವಾಗಲೂ ಎಚ್ಚರ ಬೇಕು, ಮಿತ್ರ ಹುಳದ ಮೊಟ್ಟೆಯೂ ಹಳದಿಯೇ. ಪಕ್ಕದಲ್ಲಿ ಹೇನಿನ ಗುಂಪಿದ್ದರೆ ಅದು ಮಿತ್ರನದ್ದಾಗಿರುವುದೇ ಹೆಚ್ಚು. ಇನ್ನು ಕಾಯಿಕೊರಕ ಕಾಯಿಯ ಒಳಗೆ ಕೂತ ಮೇಲೆ ಯಾವ ಬೂಷ್ಟೂ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಮೋಹಕ ಬಲೆ ಮತ್ತು ಬಾಡಿದ ಕುಡಿ ಕಿತ್ತು ನಾಶ ಮಾಡುವುದೇ ಉಪಾಯ.

ಶಂಕರಪುರದ ಮಲ್ಲಿಗೆಗೂ ಇದೇ ಲೆಕ್ಕ. ದಿನವೂ ಮೊಗ್ಗು ಕೊಯ್ಯಬೇಕು, ಚೆಂಡು ಕಟ್ಟಬೇಕು, ಹೂ ತಲೆಗೇರಬೇಕು. ಅಟ್ಟೆಯ ದರ ಏರಿದ ದಿನ ಮೊಗ್ಗು ಕೊರೆಯುವ ಹುಳದ ಭಯವೂ ಏರುತ್ತದೆ. ವಿಷ ಮುಟ್ಟಿದ ಕೈಯಲ್ಲೇ ಹೂ ಕಟ್ಟುವ ಮನೆಯವರ ಆರೋಗ್ಯ ನೆನೆದರೆ ಜೈವಿಕ ಒಳ್ಳೆಯದೇ. ಆದರೆ ಗಿಡದಲ್ಲಿ ಗುಲಗಂಜಿ ಮರಿ ತುಂಬ ಇದ್ದರೆ ಆ ಗಿಡವನ್ನು ಬಿಟ್ಟು, ಕಾಟ ಇರುವ ಗಿಡಕ್ಕೆ ಮಾತ್ರ ಸಿಂಪಡಿಸುವುದು ಜಾಣತನ.

ಕಾರ್ಕಳ: ಮೈಲುತುತ್ತು ಬಿಟ್ಟಲ್ಲಿ ಬೂಷ್ಟು ಬದುಕದು

ಕಾರ್ಕಳದ ಅಡಿಕೆ ತೋಟದಲ್ಲಿ ಲೆಕ್ಕ ಬೇರೆ. ಇಲ್ಲಿ ಬೇರು ಹುಳಕ್ಕೆ ಮೆಟಾರೈಜಿಯಂ ಬಳಸುವುದು ಮಣ್ಣಿನಲ್ಲಿ. ತೆಂಗಿನ ಕುರುವಾಯಿ ದುಂಬಿಗೆ ಇದೇ ಮೆಟಾರೈಜಿಯಂ ಹಾಕುವುದು ಗೊಬ್ಬರದ ಗುಂಡಿಗೆ, ಅದರ ಮರಿಗಳು ಬೆಳೆಯುವ ಜಾಗಕ್ಕೆ. ಗುಲಗಂಜಿ ಹುಳ ಮಣ್ಣಿನೊಳಗೂ ಇಳಿಯುವುದಿಲ್ಲ, ಗೊಬ್ಬರದ ಗುಂಡಿಗೂ ಹೋಗುವುದಿಲ್ಲ. ಜಾಗ ಬೇರೆಯಾದ್ದರಿಂದ ಇಬ್ಬರಿಗೂ ತಕರಾರಿಲ್ಲ. ಮೂರು ಪ್ರಶ್ನೆಯಲ್ಲಿ "ಎಲ್ಲಿ" ಎಂಬುದರ ಉತ್ತರ ಇಷ್ಟು ಸುಲಭವಾಗಿ ಸಿಗುವ ಉದಾಹರಣೆ ಇನ್ನೊಂದಿಲ್ಲ.

ತೊಡಕು ಇರುವುದು ಬೋರ್ಡೋ ದ್ರಾವಣದಲ್ಲಿ. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ತಾಮ್ರ ಕೊಳೆರೋಗದ ಸೂಕ್ಷ್ಮಾಣುವನ್ನು ತಡೆಯುವ ಹಾಗೆಯೇ ಉಪಕಾರಿ ಶಿಲೀಂಧ್ರವನ್ನೂ ತಡೆಯುತ್ತದೆ. ಬೋರ್ಡೋ ಬಿಟ್ಟ ಡ್ರಮ್ಮು, ಪೈಪು, ಗನ್ನು ಚೆನ್ನಾಗಿ ತೊಳೆಯದೆ ಅದರಲ್ಲೇ ಜೈವಿಕ ಮದ್ದು ಕಲಸಿದರೆ ಸಿಂಪಡಿಸಿದ್ದು ಬರೀ ನೀರು. ಎರಡನ್ನೂ ಒಟ್ಟಿಗೆ ಕಲಸುವುದಂತೂ ಇಲ್ಲವೇ ಇಲ್ಲ. ಬೇರೆ ಶಿಲೀಂಧ್ರನಾಶಕಕ್ಕೂ ಇದೇ ಮಾತು.

ಮಣಿಪಾಲದ ತಾರಸಿ: ಬಿಳಿ ಮರಿಯನ್ನು ಒರೆಸಬೇಡಿ

ಮಣಿಪಾಲದ ಫ್ಲ್ಯಾಟು, ತಾರಸಿಗಳಲ್ಲಿ ದಾಸವಾಳ, ಪಪ್ಪಾಯಿ, ಕರಿಬೇವಿಗೆ ಹತ್ತುವ ದೊಡ್ಡ ಕಾಟ ಹಿಟ್ಟು ತಿಗಣೆ. ಇದನ್ನು ತಿನ್ನಲು ಹೆಸರುವಾಸಿಯಾದ ಗುಲಗಂಜಿ ಹುಳ ಕ್ರಿಪ್ಟೋಲೇಮಸ್. ಆಸ್ಟ್ರೇಲಿಯಾದ ಈ ಹುಳವನ್ನು 1898ರಲ್ಲೇ ದಕ್ಷಿಣ ಭಾರತಕ್ಕೆ ತಂದಿದ್ದರು. ಚುಕ್ಕಿ ಇಲ್ಲ, ಕಪ್ಪು ಬೆನ್ನು, ಕಿತ್ತಳೆ ತಲೆ. ವಿಚಿತ್ರವೆಂದರೆ ಇದರ ಮರಿ ಮೈಮೇಲೆ ಬಿಳಿ ಮೇಣ ಹೊತ್ತು ಥೇಟ್ ಹಿಟ್ಟು ತಿಗಣೆಯ ಹಾಗೆಯೇ ಕಾಣುತ್ತದೆ. ಸ್ವಲ್ಪ ದೊಡ್ಡದು, ಚುರುಕಾಗಿ ಓಡುತ್ತದೆ. ಗೊತ್ತಿಲ್ಲದವರು ಮೊದಲು ಒರೆಸಿ ಕೊಲ್ಲುವುದು ಇದನ್ನೇ.

ನಾಲ್ಕು ಕುಂಡಕ್ಕೆ ಶಿಲೀಂಧ್ರದ ಪ್ಯಾಕೆಟ್ ತರುವ ಅಗತ್ಯವೂ ಕಡಿಮೆ. ರಭಸದ ನೀರು, ತೀರಾ ಹತ್ತಿದ ಕೊಂಬೆ ಕತ್ತರಿಸುವುದು, ಗಿಡಕ್ಕೆ ಹತ್ತುವ ಇರುವೆ ತಡೆಯುವುದು ಇಷ್ಟರಿಂದಲೇ ಬಹಳ ಕೆಲಸ ಆಗುತ್ತದೆ. ಸಿಹಿ ಅಂಟಿನ ಆಸೆಗೆ ಇರುವೆಗಳು ಹಿಟ್ಟು ತಿಗಣೆಯನ್ನು ಕಾಯುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ. ಇರುವೆ ನಿಂತರೆ ಅರ್ಧ ಜಗಳ ಮುಗಿದ ಹಾಗೆ.

ಯಾವಾಗ: ಕರಾವಳಿಯ ಪಂಚಾಂಗ

ಬೂಷ್ಟಿಗೆ ತೇವ ಬೇಕು, ಸುಡುಬಿಸಿಲು ಆಗದು. ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಡಿಮಳೆಯಲ್ಲಿ ಎಲೆಗೆ ಬಿಟ್ಟ ಮದ್ದು ತೊಳೆದುಹೋಗುತ್ತದೆ. ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬೀಜಕಣ ಸಾಯುತ್ತದೆ. ಎಲೆಯ ಮೇಲಿನ ಸಿಂಪಡಣೆಗೆ ಒಳ್ಳೆಯ ಕಾಲ ಮಳೆ ಬಿಡುವು ಕೊಟ್ಟ ಮೇಲಿನ ಸೆಪ್ಟೆಂಬರ್ ಕೊನೆಯಿಂದ ಇಬ್ಬನಿ ಬೀಳುವ ತಿಂಗಳುಗಳವರೆಗೆ, ಅದೂ ಸಂಜೆ ಹೊತ್ತು. ಬಿಳಿನೊಣ ಏರುವ ಒಣ ಬೇಸಿಗೆಯಲ್ಲಿ ಬೂಷ್ಟಿನ ಬಲ ಕಡಿಮೆ. ಆಗ ತೋಟ ಕಾಯುವುದು ಕಣಜ, ಜಾಲರೆಕ್ಕೆ ಮತ್ತು ಗುಲಗಂಜಿ ಹುಳ. ಹಾಗಾಗಿ ಚಳಿಗಾಲದಲ್ಲಿ ಅವಸರದ ಸಿಂಪಡಣೆಯಿಂದ ಇವನ್ನು ಕಳೆದುಕೊಂಡವರು ಬೇಸಿಗೆಯಲ್ಲಿ ಕಾವಲಿಲ್ಲದೆ ಉಳಿಯುತ್ತಾರೆ.

ಗುಲಗಂಜಿ ಹುಳವನ್ನು ಹಣ ಕೊಟ್ಟು ತಂದು ಬಿಡುವವರು ಮೊದಲು ಬೂಷ್ಟಿನ ಕೆಲಸ ಮುಗಿಸಿ, ಒಂದೆರಡು ವಾರ ಬಿಟ್ಟು ಹುಳ ಬಿಡುವುದು ಕ್ಷೇಮ. ಹುಳ ಬಿಟ್ಟ ಮೇಲೆ ಮತ್ತೆ ಸಿಂಪಡಿಸಬಾರದು. ಬೂಷ್ಟು ಎಲ್ಲ ಹೇನನ್ನೂ ಮುಗಿಸಿದ್ದರೆ ಹುಳಕ್ಕೆ ಊಟವಿಲ್ಲದೆ ಹಾರಿಹೋಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಅಂಗಡಿಯವರ ಕೈಯಲ್ಲಿರುವುದು

ರಾಸಾಯನಿಕದ ಬಾಟಲಿ ಕಪಾಟಿನಲ್ಲಿ ಸುಮ್ಮನೆ ಕೂರುತ್ತದೆ. ಈ ಪ್ಯಾಕೆಟ್‌ನಲ್ಲಿ ಇರುವುದು ಜೀವ. ತಗಡಿನ ಮಾಡಿನ ಅಡಿ, ಬಿಸಿಲು ಬೀಳುವ ಶೋಕೇಸ್‌ನಲ್ಲಿ ಏಪ್ರಿಲ್ ತಿಂಗಳು ಕಳೆದ ಪುಡಿ ಅವಧಿ ಮುಗಿಯುವ ಮೊದಲೇ ಸತ್ತಿರಬಹುದು. ಗಿರಾಕಿಗೆ ಅದು ಕಣ್ಣಿಗೆ ಕಾಣುವುದಿಲ್ಲ. ಮದ್ದು ಹಿಡಿಯದಿದ್ದಾಗ "ಜೈವಿಕ ಅಂದ್ರೆ ಮೋಸ" ಅಂತ ಆತ ಮತ್ತೆ ವಿಷದ ಬಾಟಲಿಗೇ ಮರಳುತ್ತಾನೆ.

ಶಿಲೀಂಧ್ರ ಆಧಾರಿತ ಮದ್ದುಗಳೂ 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲೇ ಬರುತ್ತವೆ. ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ಶಿಲೀಂಧ್ರದ ಪೂರ್ತಿ ಹೆಸರು ಮತ್ತು ತಳಿಯ ಗುರುತು, ತಯಾರಿಸಿದ ದಿನ, ಮುಗಿಯುವ ದಿನ, ಸಿಎಫ್‌ಯು ಸಂಖ್ಯೆ ಇವಿಷ್ಟೂ ಲೇಬಲ್ ಮೇಲೆ ಇರಬೇಕು. ಸಿಎಫ್‌ಯು ಎಂದರೆ ಮೊಳೆಯಬಲ್ಲ ಜೀವಕಣಗಳ ಲೆಕ್ಕ. ಗ್ರಾಮಿಗೆ ಕನಿಷ್ಠ 10 ಕೋಟಿ ಎಂಬುದು ಅಳತೆ. ಹೆಸರು, ನೋಂದಣಿ ಇಲ್ಲದೆ "ಎಲ್ಲ ಹುಳಕ್ಕೂ, ಒಂದೇ ದಿನದಲ್ಲಿ" ಎಂದು ಬರೆದ ಬಾಟಲಿ ಕಂಡರೆ ಅನುಮಾನ ಪಡಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ಕೊಲ್ಲುವುದು ಬೂಷ್ಟಿನ ಗುಣವೇ ಅಲ್ಲ. ಜೈವಿಕದ ಹೆಸರಿನಲ್ಲಿ ರಾಸಾಯನಿಕ ಬೆರೆಸಿ ಮಾರಿದ ಪ್ರಕರಣಗಳು ದೇಶದ ಹಲವೆಡೆ ಸಿಕ್ಕಿವೆ.

ಗಿರಾಕಿಗೆ ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು. "ಎಷ್ಟು ಎಕರೆ?" ಅನ್ನುವ ಮೊದಲು "ಯಾವ ಹುಳ, ಎಲೆಯಲ್ಲಾ ಮಣ್ಣಲ್ಲಾ, ಬೋರ್ಡೋ ಬಿಟ್ಟು ಎಷ್ಟು ದಿನ ಆಯ್ತು?" ಅಂತ ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಕೊನೆಗೆ ಲೆಕ್ಕ ಇಷ್ಟೇ

- ಬಿಳಿನೊಣ ಕಂಡ ಕೂಡಲೇ ಮದ್ದು ಬೇಡ. ಗರಿ ತಿರುಗಿಸಿ ಕಣಜ, ಗುಲಗಂಜಿ ಮರಿ ಇದೆಯಾ ನೋಡಿ. ಬಿಳಿನೊಣದ ಮರಿಗಳಲ್ಲಿ ಉರುಟು ತೂತು ಇದ್ದರೆ ಕಣಜ ಹೊರಬಂದಿದೆ ಎಂದರ್ಥ.
- ತೆಂಗಿನ ಬಿಳಿನೊಣಕ್ಕೆ ಬೇಕೇ ಬೇಕಾದರೆ ಐಸೇರಿಯಾ. ಬೇರು ಹುಳ, ಕುರುವಾಯಿಗೆ ಮಣ್ಣು ಮತ್ತು ಗೊಬ್ಬರದ ಗುಂಡಿಯಲ್ಲಿ ಮೆಟಾರೈಜಿಯಂ. ಗುಲಗಂಜಿ ಮರಿ ತುಂಬಿದ ಗಿಡಕ್ಕೆ ಬವೇರಿಯಾ ಬೇಡ.
- ಸಂಜೆ ಸಿಂಪಡಿಸಿ, ಎಲೆಯ ಅಡಿಭಾಗಕ್ಕೆ ತಾಗಲಿ, ಒಂದು ವಾರ ಕಾಯಿರಿ.
- ಬೋರ್ಡೋ, ಶಿಲೀಂಧ್ರನಾಶಕದ ಜತೆ ಬೆರೆಸಬೇಡಿ.
- ಹುಳ ಯಾವುದು ಅಂತ ತಿಳಿಯದಿದ್ದರೆ ಎಲೆ ಸಮೇತ ಡಬ್ಬಿಯಲ್ಲಿ ಹಾಕಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ತೋರಿಸಿ.

ಜೈವಿಕ ಎಂಬ ಪದ ಪ್ಯಾಕೆಟ್ ಮೇಲೆ ಇದ್ದ ಮಾತ್ರಕ್ಕೆ ತೋಟ ಸುರಕ್ಷಿತವಾಗುವುದಿಲ್ಲ. ರಾಸಾಯನಿಕಕ್ಕೆ ಹೋಲಿಸಿದರೆ ಬೂಷ್ಟಿನಿಂದ ಮಿತ್ರ ಹುಳಕ್ಕೆ ಆಗುವ ನಷ್ಟ ಕಡಿಮೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಡಿಮೆ ನಷ್ಟವನ್ನೂ ತಪ್ಪಿಸಲು ಹೊಸ ಮದ್ದೇನೂ ಬೇಡ. ಲೇಬಲ್ ಓದುವ ಐದು ನಿಮಿಷ, ಎಲೆ ತಿರುಗಿಸಿ ನೋಡುವ ಐದು ನಿಮಿಷ ಸಾಕು.